ಪಾಟನ್‌ನಿಂದ ಆರಂಭಿಸಿದ ಕಾಠ್ಮಂಡು ದರ್ಶನ: ನನ್ನ ಅನುಭವ

ಕಾಠ್ಮಂಡು ಕಣಿವೆಯ ಏಳು ತಾಣಗಳು 1979ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಟ್ಯಾಕ್ಸಿ ಗೊತ್ತುಮಾಡಿಕೊಂಡು ಇವನ್ನೆಲ್ಲ ಒಂದರ ಹಿಂದೊಂದು ನೋಡುತ್ತ ಹೋದರೆ, ಸ್ವಲ್ಪ ಹೊತ್ತಿಗೇ ಕೆಂಪು ಇಟ್ಟಿಗೆಯ ಗೋಡೆ, ಅಂತಸ್ತುಗಳ ಇಳಿಜಾರು ಚಾವಣಿ, ಕೆತ್ತಿದ ಮರದ ಕಿಟಕಿಗಳು ಎಲ್ಲೆಡೆಯೂ ಒಂದೇ ಬಗೆಯವಾಗಿ ತೋರತೊಡಗುತ್ತವೆ. ಆದ್ದರಿಂದ ನಾನು ನಗರದ ನಡುವಿನ ಹಳೆಯ ಅರಮನೆ ಹನುಮಾನ್ ಢೋಕಾವನ್ನು ನಂತರಕ್ಕಿಟ್ಟು, ಬಾಗಮತಿ ನದಿಯಾಚೆಯ ಪಾಟನ್‌ನಿಂದ ಆರಂಭಿಸಿದೆ. ಅಲ್ಲಿಯ ಹಳೆಯ ಅರಮನೆಯ ಕೇಶವನಾರಾಯಣ ಚೌಕದಲ್ಲಿರುವ ವಸ್ತುಸಂಗ್ರಹಾಲಯವೇ ಇದಕ್ಕೆ ಕಾರಣ. ಕೈಯ ಮುದ್ರೆ, ಆಯುಧ, ವಾಹನಗಳಿಂದ ಮೂರ್ತಿ ಯಾರದೆಂದು ಗುರುತಿಸುವ ಬಗೆಯನ್ನೂ ಕಣಿವೆಯ ಮೂಲನಿವಾಸಿಗಳಾದ ನೇವಾರ ಕುಶಲಕರ್ಮಿಗಳು ಮೇಣದ ಅಚ್ಚಿನಿಂದ ಲೋಹದ ವಿಗ್ರಹ ಎರೆಯುವ ಕ್ರಮವನ್ನೂ ಅಲ್ಲಿ ಹಂತಹಂತವಾಗಿ ವಿವರಿಸಿದ್ದಾರೆ. ಅರ್ಧ ದಿನವನ್ನು ಅಲ್ಲಿ ಕಳೆದವರಿಗೆ ಮುಂದಿನ ತಾಣಗಳಲ್ಲಿ ಮಾರ್ಗದರ್ಶಿಯ ಅಗತ್ಯ ಅಷ್ಟಾಗಿ ಬೀಳದು.

ಅರಮನೆಯ ಎದುರಿಗೇ ಪಾಟನ್‌ನ ಅರಸ ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ ಕೃಷ್ಣಮಂದಿರವಿದೆ. ಸುತ್ತಲಿನ ಇಟ್ಟಿಗೆ, ಮರದ ಗುಡಿಗಳ ನಡುವೆ ಇದು ಶಿಖರಶೈಲಿಯ ಕಲ್ಲಿನ ಕಟ್ಟಡ. ಕೆಳಗಿನ ಅಂತಸ್ತಿನ ಪಟ್ಟಿಕೆಯಲ್ಲಿ ಮಹಾಭಾರತವನ್ನೂ ಅದರ ಮೇಲಿನದರಲ್ಲಿ ರಾಮಾಯಣವನ್ನೂ ಕೆತ್ತಲಾಗಿದ್ದು, ಹಳೇಬೀಡಿನ ಗೋಡೆಗಳನ್ನು ಸುತ್ತಿ ನೋಡಿದವರಿಗೆ ಈ ಕಥಾಸಾಲುಗಳನ್ನು ಹಿಂಬಾಲಿಸುವುದು ಸುಲಭ. ಆದರೆ ಇಲ್ಲಿ ದೃಶ್ಯಗಳ ಕೆಳಗೆ ನೇವಾರಿ ಭಾಷೆಯ ಬರಹವೂ ಇದೆ.

ಹನುಮಾನ್ ಢೋಕಾಕ್ಕೆ ನಾನು ಅಸನ್ ಮತ್ತು ಇಂದ್ರಚೌಕದ ಪೇಟೆಗಳ ಮೂಲಕ ನಡೆದೇ ಹೋದೆ. ಟಿಬೆಟ್ಟಿನ ವ್ಯಾಪಾರದ ಹಳೆಯ ದಾರಿ ಇದೇ ಆಗಿದ್ದು, ಚೌಕಗಳ ಗುಡಿಗಳ ಸುತ್ತ ಇಂದಿಗೂ ಮಸಾಲೆ, ಹಿತ್ತಾಳೆ ಪಾತ್ರೆ, ಮಣಿಸರಗಳ ಮಾರಾಟ ನಡೆಯುತ್ತದೆ. ಅರಮನೆಯ ಆವರಣದಲ್ಲಿ ಅರಸ ಮಹೇಂದ್ರ ಮಲ್ಲ 1564ರಲ್ಲಿ ಕಟ್ಟಿಸಿದ, ಮಲ್ಲರ ಕುಲದೇವಿ ತಲೇಜು ಭವಾನಿಯ ಗುಡಿ ಎತ್ತರವಾಗಿ ನಿಂತಿದೆ. ದಸರೆಯ ನವಮಿಯಂದು ಮಾತ್ರ ಅದು ಸಾರ್ವಜನಿಕರಿಗೆ ತೆರೆಯುವುದರಿಂದ ಹೊರಗಿನಿಂದಲೇ ನೋಡಿದೆ. ಈ ದೇವಿ ಕಣಿವೆಗೆ ಬಂದದ್ದು ತಿರ್ಹುತ್‌ನ (ಮಿಥಿಲೆಯ) ಕರ್ನಾಟ ವಂಶದವರೊಡನೆ ಎಂಬ ಪರಂಪರಾಗತ ನಂಬಿಕೆಯಿದೆ. ನಾನ್ಯದೇವ 1097ರಲ್ಲಿ ಸ್ಥಾಪಿಸಿದ ಆ ವಂಶದ ಮೂಲ ನಮ್ಮ ಕಡೆಯದೇ ಆದುದರಿಂದ, ಕನ್ನಡಿಗರು ಈ ಗುಡಿಯ ಮುಂದೆ ಕೊಂಚ ಹೆಚ್ಚು ಹೊತ್ತು ನಿಂತರೆ ತಪ್ಪಿಲ್ಲ. ಜೀವಂತ ದೇವತೆಯೆಂದು ಪೂಜೆಗೊಳ್ಳುವ ಕುಮಾರಿ ಬೌದ್ಧ ಶಾಕ್ಯ ಮನೆತನದ ಬಾಲೆಯಾಗಿದ್ದು, ಆಕೆಯಲ್ಲಿ ನೆಲೆಸುವವಳು ಇದೇ ತಲೇಜು. ಕುಮಾರಿಯ ಮನೆಯ ಅಂಗಳಕ್ಕೆ ಹೋಗಬಹುದು, ಆದರೆ ಆಕೆಯ ಚಿತ್ರ ತೆಗೆಯುವಂತಿಲ್ಲ.

2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಾಷ್ಠಮಂಡಪ ಪೂರ್ತಿ ಕುಸಿದಿತ್ತು. ನಗರಕ್ಕೆ ಹೆಸರು ಕೊಟ್ಟ ಆ ಮರದ ಮಂಟಪ ಈಗ ಮತ್ತೆ ಎದ್ದು ನಿಂತಿದೆ. ಹೊಸ ಮರದ ಬಣ್ಣ ಇನ್ನೂ ಮಾಸಿಲ್ಲವೆಂದು ಕೆಲವರು ಮೂಗು ಮುರಿಯುತ್ತಾರೆ. ಕೆತ್ತುವ ಕೈಗಳು ಇನ್ನೂ ಇವೆಯೆಂಬುದೇ ನನಗೆ ದೊಡ್ಡದೆನಿಸಿತು.

ಪಶುಪತಿನಾಥಕ್ಕೆ ಬೆಳಗ್ಗೆ ಬೇಗ ಹೋಗುವುದು ಒಳ್ಳೆಯದು, ಶನಿವಾರ ನೇಪಾಳದಲ್ಲಿ ವಾರದ ರಜೆಯಾಗಿ ಜನಸಂದಣಿ ಹೆಚ್ಚುವುದರಿಂದ ಆ ದಿನ ಬಿಟ್ಟರೆ ಮತ್ತೂ ಒಳ್ಳೆಯದು. ಗರ್ಭಗುಡಿಯ ಚತುರ್ಮುಖ ಲಿಂಗವನ್ನು ಮುಟ್ಟಿ ಪೂಜಿಸುವ ಭಟ್ಟರು ಸಂಪ್ರದಾಯದಂತೆ ದಕ್ಷಿಣ ಭಾರತದಿಂದ, ಮುಖ್ಯವಾಗಿ ಕರ್ನಾಟಕದಿಂದ ಬರುವವರು. ಚರ್ಮದ ಬೆಲ್ಟು, ಪರ್ಸುಗಳನ್ನು ಒಳಗೆ ಬಿಡುವುದಿಲ್ಲ. ಅಲ್ಲಿಂದ ಬೌದ್ಧನಾಥದ ಸ್ತೂಪ ನಡೆದು ಹೋಗುವಷ್ಟೇ ದೂರ. ಸ್ವಯಂಭೂನಾಥ ನಗರದ ಪಶ್ಚಿಮಕ್ಕಿದೆ, ಮೆಟ್ಟಿಲು ಕಡಿದು, ಕೋತಿಗಳ ಕಾಟ.

ಭಕ್ತಪುರಕ್ಕೆ ಒಂದು ಪೂರ್ತಿ ದಿನ ಬೇಕು. ಅಲ್ಲಿಯ ಅರಸ ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ ಐದಂತಸ್ತಿನ ನ್ಯಾತಪೋಲ ಗುಡಿ 1934ರ ಭೂಕಂಪವನ್ನೂ 2015ರದ್ದನ್ನೂ ತಡೆದುಕೊಂಡಿದೆ. ಅದರ ಮೆಟ್ಟಿಲುಗಳ ಇಕ್ಕೆಲದಲ್ಲಿ ಜಟ್ಟಿಗಳು, ಆನೆ, ಸಿಂಹ ಎಂದು ಬಲ ಏರುತ್ತ ಹೋಗುವ ಕಾವಲುಮೂರ್ತಿಗಳಿವೆ. ಭಾರತವೂ ಸೇರಿದ ಸಾರ್ಕ್ (ದಕ್ಷಿಣ ಏಷ್ಯಾ ಸಹಕಾರ ಸಂಘ) ದೇಶದವರಿಗೆ ಪ್ರವೇಶದರ ಇತರ ವಿದೇಶಿಯರಿಗಿಂತ ಕಡಿಮೆ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಜೊತೆಗಿರಲಿ. ಸಮಯ ಉಳಿದರೆ ಸಮೀಪದ ಚಾಂಗು ನಾರಾಯಣ ಗುಡಿಗೂ ಹೋಗಬೇಕು. ರಾಜ ಮಾನದೇವ ಕ್ರಿ.ಶ. 464ರಲ್ಲಿ ಹಾಕಿಸಿದ ಸಂಸ್ಕೃತ ಶಾಸನ ಅಲ್ಲಿಯ ಕಂಬದ ಮೇಲಿದೆ.