ಹಳೆ ಎಂಜಿಬಿಯಲ್ಲಿ ಹಾಡು ಕೇಳಲಿ, ಸ್ಪೀಕರ್ ಕಾಣದಿರಲಿ

ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು. ತುಕ್ಕು ಹಿಡಿದರೆ ತಗಡು ಬದಲಾಯಿಸಬಹುದು. ಆದರೆ ಹೊಸ ಸ್ಟೀರಿಯೊ ಕೂರಿಸುವುದಕ್ಕೆಂದು ಡ್ಯಾಶ್‌ಬೋರ್ಡ್ ಕೊಯ್ದರೆ, ಬಾಗಿಲಿಗೆ ತೂತು ಹೊಡೆದರೆ, ಆ ಗುರುತು ಸುಲಭಕ್ಕೆ ಹೋಗುವುದಿಲ್ಲ. ಹಾಗಾಗಿ ಒಂದೇ ನಿಯಮ ಇಟ್ಟುಕೊಳ್ಳಿ: ನಾಳೆ ಎಲ್ಲವನ್ನೂ ಬಿಚ್ಚಿದರೆ ಕಾರು ಮೊದಲಿದ್ದ ಹಾಗೆಯೇ ಇರಬೇಕು.

ಉದಾಹರಣೆಗೆ ಟಾಪ್ ಮಡಚಿ ಓಡಿಸಬಹುದಾದ ಸ್ಪೋರ್ಟ್ಸ್ ಕಾರು ಎಂಜಿಬಿ ರೋಡ್‌ಸ್ಟರ್ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರಿದು. ಎಲ್ಲ ಮಾದರಿ ಸೇರಿ 5 ಲಕ್ಷಕ್ಕೂ ಜಾಸ್ತಿ ಹೊರಬಂದಿದ್ದರಿಂದ ಇವತ್ತಿಗೂ ಬಿಡಿಭಾಗ ಸಿಗುತ್ತವೆ, ಕಾರೂ ರಸ್ತೆಯಲ್ಲಿ ಓಡುತ್ತಿದೆ. ಆ ಕಾಲದ ಬೇರೆ ಬ್ರಿಟಿಷ್ ಕಾರುಗಳಿಗೂ ಇಲ್ಲಿನ ಹೆಚ್ಚಿನ ಮಾತು ಹೊಂದುತ್ತದೆ.

ಮೊದಲು ಅರ್ತ್ ನೋಡಿ

ಸ್ಪೀಕರ್ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಇದು. ಅರ್ತ್ ಅಂದರೆ ಕಾರಿನ ಬಾಡಿಗೆ ಸೇರಿಸಿರುವ ಬ್ಯಾಟರಿ ತುದಿ. ಎಂಜಿಬಿಯ ಬ್ಯಾಟರಿ ಬಾನೆಟ್ ಕೆಳಗಿಲ್ಲ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿದರೆ ಒಂದು ಮುಚ್ಚಳ ಕಾಣುತ್ತದೆ. ಅದನ್ನು ತೆಗೆದರೆ ಹಳೆಯ ಮಾದರಿಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಸಿಗುತ್ತವೆ. ಬಾಡಿಗೆ ಬೋಲ್ಟ್ ಆಗಿರುವ ಕೇಬಲ್ ಹಿಡಿದು ಅದು ಯಾವ ತುದಿಯಿಂದ ಬರುತ್ತಿದೆ ನೋಡಿ. 1967ರ ಕೊನೆಗೆ ಬಂದ ಮಾರ್ಕ್ 2ಕ್ಕಿಂತ ಹಿಂದಿನ ಕಾರಾದರೆ ಅದು ಪಾಸಿಟಿವ್ ತುದಿ ಆಗಿರಬೇಕು. ಅಂದರೆ ಕಾರಿನ ಇಡೀ ಬಾಡಿಯೇ ಪಾಸಿಟಿವ್. ಆದರೂ ಇಸವಿಯನ್ನು ನಂಬಿ ಸುಮ್ಮನಾಗಬೇಡಿ. ಹಿಂದಿನ ಮಾಲೀಕರು ಬದಲಾಯಿಸಿರಬಹುದು, ಮಲ್ಟಿಮೀಟರ್ ಇಟ್ಟು ನೋಡಿ.

ಸ್ಪೀಕರ್‌ಗೆ ಸದ್ದು ಏರಿಸಿ ಕೊಡುವ ಆಂಪ್ಲಿಫೈಯರ್ (ಆಂಪ್) ಈಗಿನದಾದರೆ ಎಲ್ಲ ನೆಗೆಟಿವ್ ಅರ್ತ್‌ನವು. ಅವುಗಳ ಲೋಹದ ಹೊರಮೈ ಪಾಸಿಟಿವ್ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ರೇಡಿಯೊವನ್ನು ರಬ್ಬರ್ ಹಾಕಿ ಬಾಡಿಯಿಂದ ಬೇರ್ಪಡಿಸಿದರೂ, ಆಂಟೆನಾ ಕೇಬಲ್ಲಿನ ಹೊರಸುತ್ತು ಮಡ್‌ಗಾರ್ಡ್‌ಗೆ ತಾಗಿ ಅದೇ ಶಾರ್ಟ್ ಆಗಬಹುದು. ಇದನ್ನು ಬಹಳ ಜನ ಮರೆಯುತ್ತಾರೆ.

ದಾರಿ ಎರಡಿವೆ. ಒಂದು, ಇಡೀ ಕಾರನ್ನು ನೆಗೆಟಿವ್ ಅರ್ತ್ ಮಾಡುವುದು. ಬ್ಯಾಟರಿ ತಿರುಗಿಸಬೇಕು, ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರ್ ಅದಲುಬದಲು ಮಾಡಬೇಕು, ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನು ಹೊಸ ಧ್ರುವಕ್ಕೆ ಹೊಂದಿಸಬೇಕು. ಎಲೆಕ್ಟ್ರಾನಿಕ್ ಆರ್‌ಪಿಎಂ ಮೀಟರ್ ಇದ್ದರೆ ಅದನ್ನೂ ಬಿಚ್ಚಿ ಒಳಗೆ ಬದಲಾಯಿಸಬೇಕು, ಇಲ್ಲದಿದ್ದರೆ ಅದು ಕೆಡುತ್ತದೆ. ಎರಡನೆಯದು, ಒಳಬರುವ ಮತ್ತು ಹೊರಹೋಗುವ ಕರೆಂಟಿನ ನಡುವೆ ನೇರ ಸಂಪರ್ಕವೇ ಇಲ್ಲದ ಐಸೊಲೇಟೆಡ್ ಡಿಸಿ-ಡಿಸಿ ಕನ್ವರ್ಟರ್ ಹಾಕುವುದು. ಕಾರಿನ ಮೂಲ ವೈರಿಂಗ್ ಬದಲಾಯಿಸಬೇಕಾಗಿಲ್ಲವಾದ್ದರಿಂದ ನನಗೆ ಎರಡನೆಯದೇ ಇಷ್ಟ. ಆಂಪ್ ಚಿಕ್ಕದಿದ್ದರೆ ಇದು ಧಾರಾಳ ಸಾಕು.

ಕರೆಂಟ್ ಎಷ್ಟಿದೆ?

ಹಳೆಯ ಎಂಜಿಬಿಯ ಡೈನಮೋ ಕೊಡುವುದೇ ಹೆಚ್ಚೆಂದರೆ 22 ಆಂಪಿಯರ್. ಅದೂ ಎಂಜಿನ್ ಜೋರಾಗಿ ತಿರುಗುವಾಗ. ಸಿಗ್ನಲ್‌ನಲ್ಲಿ ಐಡಲ್ ನಿಂತಾಗ ಏನೂ ಬರುವುದಿಲ್ಲ ಅನ್ನಬಹುದು. ಮಳೆಯ ರಾತ್ರಿ ಹೆಡ್‌ಲೈಟ್, ವೈಪರ್, ಹೀಟರ್ ಫ್ಯಾನ್, ಇಗ್ನಿಷನ್ ಎಲ್ಲ ಒಟ್ಟಿಗೆ ಓಡಿದರೆ ಹೆಚ್ಚುಕಡಿಮೆ ಅಷ್ಟೂ ಅಲ್ಲೇ ಮುಗಿಯುತ್ತದೆ. ಹಾಗಿದ್ದಾಗ ದೊಡ್ಡ ಆಂಪ್ ತಂದು ಏನು ಪ್ರಯೋಜನ?

ಇಲ್ಲಿ ವಾಟ್‌ಗಿಂತ ಸ್ಪೀಕರ್‌ನ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಾಟ್‌ಗೆ ಅದು ಎಷ್ಟು ಸದ್ದು ಮಾಡುತ್ತದೆ ಅನ್ನುವುದು ಮುಖ್ಯ. ಡಬ್ಬದ ಮೇಲೆ ಡೆಸಿಬಲ್ ಲೆಕ್ಕದಲ್ಲಿ ಬರೆದಿರುತ್ತಾರೆ. 92 ಡೆಸಿಬಲ್ ಸ್ಪೀಕರ್ 20 ವಾಟ್‌ನಲ್ಲಿ ಕೊಡುವ ಸದ್ದಿಗೆ 89 ಡೆಸಿಬಲ್ ಸ್ಪೀಕರ್‌ಗೆ 40 ವಾಟ್ ಬೇಕು. ಮೂರೇ ಡೆಸಿಬಲ್ ವ್ಯತ್ಯಾಸ, ಕರೆಂಟ್ ಮಾತ್ರ ಎರಡರಷ್ಟು. ಆದ್ದರಿಂದ 90ಕ್ಕಿಂತ ಮೇಲಿನದನ್ನೇ ಹುಡುಕಿ. ಆಂಪ್ 'ಕ್ಲಾಸ್ ಡಿ' ಆಗಿರಲಿ. ಕಡಿಮೆ ಕರೆಂಟ್ ಎಳೆಯುತ್ತದೆ, ಅಷ್ಟಾಗಿ ಬಿಸಿಯಾಗುವುದಿಲ್ಲ, ಅಂಗೈಯಗಲದ್ದೂ ಸಿಗುತ್ತದೆ.

ಆ ಆಂಪನ್ನು ಸೀಟಿನ ಹಿಂದೆ, ಬ್ಯಾಟರಿ ಪಕ್ಕದ ಕಾರ್ಪೆಟ್ ಅಡಿಯಲ್ಲಿ ಇಡಿ. ಬ್ಯಾಟರಿ ಅಲ್ಲೇ ಇರುವುದರಿಂದ ವೈರ್ ಒಂದು ಮೀಟರ್ ಕೂಡ ಬೇಕಾಗುವುದಿಲ್ಲ. ಮುಂದಿರುವ ಹಳೆಯ ಫ್ಯೂಸ್ ಡಬ್ಬಿಯಿಂದ ಆಂಪ್‌ಗೆ ಕರೆಂಟ್ ಎಳೆಯಬೇಡಿ. ಕೆಲಸ ಶುರು ಮಾಡುವಾಗ ಮೊದಲು ಬ್ಯಾಟರಿಯ ಅರ್ತ್ ಕೇಬಲ್ ಬಿಚ್ಚಿ. 4 ಚದರ ಮಿಲಿಮೀಟರ್ ತಾಮ್ರದ ವೈರ್ ತೆಗೆದುಕೊಂಡು ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್ ಹಾಕಿ. ಕನ್ವರ್ಟರ್ ಇದ್ದರೆ ಅದು ಫ್ಯೂಸಿಗೂ ಆಂಪ್‌ಗೂ ನಡುವೆ ಬರಬೇಕು. ಬೆಂಗಳೂರಿನವರಿಗೆ ಇಂಥ ವೈರು, ಫ್ಯೂಸ್ ಹೋಲ್ಡರ್ ಎಸ್.ಪಿ. ರಸ್ತೆಯಲ್ಲೂ ಸ್ಪೀಕರ್ ಜೆ.ಸಿ. ರಸ್ತೆಯಲ್ಲೂ ಸಿಗುತ್ತವೆ.

ಕೀ ತಿರುಗಿಸಿದಾಗ ಮಾತ್ರ ಆಂಪ್ ಆನ್ ಆಗಬೇಕಲ್ವಾ? ಅದಕ್ಕೆ ಈ ಕಾರಿನ ಎಲೆಕ್ಟ್ರಿಕ್ ಭಾಗ ಮಾಡಿದ ಲೂಕಾಸ್ ಕಂಪನಿಯ ವೈರಿಂಗ್‌ನ ಬಣ್ಣ ಗೊತ್ತಿರಬೇಕು. ಕಂದು ಸದಾ ಕರೆಂಟ್ ಇರುವ ವೈರ್, ಬಿಳಿ ಇಗ್ನಿಷನ್‌ದು, ಹಸಿರು ಇಗ್ನಿಷನ್‌ನಿಂದ ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ತ್. ನೆಗೆಟಿವ್ ಅರ್ತ್ ಕಾರಾದರೆ ಆಂಪ್ ಆನ್ ಮಾಡುವ ರಿಮೋಟ್ ವೈರನ್ನು ಹಸಿರಿಗೆ ಸೇರಿಸಿದರೆ ಆಯಿತು. ಪಾಸಿಟಿವ್ ಅರ್ತ್ ಕಾರಿನಲ್ಲಿ ಹಸಿರು ವೈರ್‌ನಲ್ಲಿರುವುದು ನೆಗೆಟಿವ್. ಹಾಗಾಗಿ ಅದರಿಂದ ಒಂದು ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಓಡಿಸಿ, ಆ ರಿಲೇ ಕನ್ವರ್ಟರ್‌ಗೆ ಕರೆಂಟ್ ಬಿಡುವಂತೆ ಮಾಡಿ.

ಸ್ಪೀಕರ್ ಬಚ್ಚಿಡುವ ಜಾಗ

1967ರವರೆಗಿನ ಎಂಜಿಬಿಯ ಡ್ಯಾಶ್‌ಬೋರ್ಡ್ ನಡುವೆ ರೇಡಿಯೊಗೆಂದೇ ಜಾಗವಿದೆ. ಅದರ ಕೆಳಗೆ ಸ್ಪೀಕರ್ ಜಾಲರಿ. ಕಂಪನಿಯೇ ಕೊಟ್ಟ ಈ ಜಾಗಕ್ಕಿಂತ ಒಳ್ಳೆಯದು ಬೇರೆಲ್ಲಿದೆ? ಜಾಲರಿಯ ಹಿಂದೆ ಎರಡು ವಾಯ್ಸ್ ಕಾಯಿಲ್ (ಕೋನ್ ಅಲುಗಿಸುವ ತಂತಿ ಸುರುಳಿ) ಇರುವ ಒಂದು ಸ್ಪೀಕರ್ ಕೂರಿಸಿ. ಎಡ, ಬಲ ಎರಡರ ಸದ್ದೂ ಅದೊಂದರಲ್ಲೇ ಬರುತ್ತದೆ. ರೇಡಿಯೊ ಜಾಗದಲ್ಲಿ ಹಳೆಯ ರೇಡಿಯೊಮೊಬೈಲ್ ಕಂಪನಿಯ ಸೆಟ್ ಇದ್ದರೆ ಅದು ಅಲ್ಲೇ ಇರಲಿ. ಪುಟ್ಟ ಬ್ಲೂಟೂತ್ ರಿಸೀವರ್ ಆಂಪ್ ಪಕ್ಕದಲ್ಲಿ ಕೂತರೆ ಹಾಡು ಫೋನಿನಿಂದ ಬರುತ್ತದೆ.

ಇದರ ಜೊತೆಗೆ ಹಿಂದಿನ ಶೆಲ್ಫ್ ಮೇಲೆ, ಮಡಚಿದ ಟಾಪ್ ಕೆಳಗೆ, ಎರಡು ಪುಟ್ಟ ಮರದ ಪೆಟ್ಟಿಗೆ ಮಾಡಿಸಿ ಇಡಬಹುದು. ಒಳಗಿನ ರೆಕ್ಸಿನ್ ಬಣ್ಣದ್ದೇ ಬಟ್ಟೆ ಹೊದಿಸಿದರೆ ಹುಡುಕಿದರೂ ಕಾಣುವುದಿಲ್ಲ. ಪಟ್ಟಿ ಬಿಗಿದು ಕಟ್ಟಿ, ಸ್ಕ್ರೂ ಹೊಡೆಯಬೇಡಿ. ಟಾಪ್ ಸೋರುವುದು ಈ ಕಾರುಗಳ ಹುಟ್ಟುಗುಣ, ಹಾಗಾಗಿ ಕಾಗದದ ಕೋನ್ ಬೇಡ, ಪಾಲಿಪ್ರೊಪಿಲೀನ್ ಇರಲಿ. ಟಾಪ್ ತೆಗೆದು ಓಡಿಸುವಾಗ ಬಾಸ್ ಗಾಳಿಗೆ ಹೋಗಿಬಿಡುತ್ತದೆ. ಅದನ್ನು ಹಿಂದೆ ತರಲು ಸಬ್‌ವೂಫರ್ ಹಾಕುವುದು ದಂಡ. ಹಾಡುವವರ ಗಂಟಲು, ವೀಣೆ, ಪಿಟೀಲು ಸ್ಪಷ್ಟವಾಗಿ ಕೇಳಿದರೆ ಸಾಕು, ಅದಕ್ಕೆ ಮಿಡ್‌ರೇಂಜ್ ಚೆನ್ನಾಗಿರುವ ಸ್ಪೀಕರ್ ಬೇಕು.

ಕಿರಿಕಿರಿ ಸದ್ದು

ಎಂಜಿನ್ ಜೊತೆ ಏರಿಳಿಯುವ ಕುಂಯ್ ಸದ್ದು ಬಂದರೆ ಮೊದಲು ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿ, ಎರಡೂ ತುದಿ ಉಜ್ಜಿ ಮತ್ತೆ ಬಿಗಿಯಿರಿ. ಆಮೇಲೂ ಉಳಿದರೆ ಡೈನಮೋದ ದೊಡ್ಡ ಟರ್ಮಿನಲ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. 'ಎಫ್' ಟರ್ಮಿನಲ್‌ಗೆ ಮಾತ್ರ ಹಾಕಲೇಬೇಡಿ, ಡೈನಮೋವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್‌ನ ಪಾಯಿಂಟ್‌ಗಳು ಸುಡುತ್ತವೆ. ಚಟಪಟ ಸದ್ದಾದರೆ ಅದು ಸ್ಪಾರ್ಕ್ ಪ್ಲಗ್‌ದು. ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿದರೆ ಕಡಿಮೆಯಾಗುತ್ತದೆ.

ಕೊನೆಯದಾಗಿ, ಕೀ ತೆಗೆದ ಮೇಲೆ ಬ್ಯಾಟರಿಯಿಂದ ಎಷ್ಟು ಕರೆಂಟ್ ಸೋರುತ್ತಿದೆ ಅಳೆಯಿರಿ. ಅರ್ತ್ ಕೇಬಲ್ ಬಿಚ್ಚಿ ಮಧ್ಯೆ ಮಲ್ಟಿಮೀಟರ್ ಸೇರಿಸಿದರೆ ಗೊತ್ತಾಗುತ್ತದೆ. ಮೀಟರ್ ಹೀಗಿರುವಾಗ ಸ್ಟಾರ್ಟ್ ಮಾಡಬೇಡಿ, ಅದು ಸುಟ್ಟುಹೋಗುತ್ತದೆ. ಬರೀ 50 ಮಿಲಿಆಂಪಿಯರ್ ಸೋರಿದರೂ ತಿಂಗಳಿಗೆ 36 ಆಂಪಿಯರ್-ಅವರ್ ಖಾಲಿ. ಅಪರೂಪಕ್ಕೆ ಹೊರತೆಗೆಯುವ ಕಾರಿಗೆ ಅಷ್ಟು ಸಾಕು, ಸೆಲ್ಫ್ ತಿರುಗುವುದಿಲ್ಲ. ಅಷ್ಟು ತೋರಿಸಿದರೆ ಬ್ಲೂಟೂತ್ ರಿಸೀವರ್‌ನ ವೈರನ್ನೂ ಇಗ್ನಿಷನ್ ಕಡೆಗೆ ಬದಲಾಯಿಸಿ, ಮತ್ತೊಮ್ಮೆ ಅಳೆಯಿರಿ.