ದಾವಣಗೆರೆಯಿಂದ ಆಫ್ರಿಕಾ: ಕಡಿಮೆ ಖರ್ಚಿನ ದೇಶ ಆರಿಸುವುದು ಹೇಗೆ?

ಬರೀ ವಿಮಾನದ ದರ ನೋಡಿ ದೇಶ ಆರಿಸಬೇಡಿ. ಜೇಬಿಗೆ ಕತ್ತರಿ ಹಾಕುವುದು ಅಭಯಾರಣ್ಯದ ಶುಲ್ಕ. ಕೆನ್ಯಾದ ಮಸಾಯಿ ಮಾರಾದಲ್ಲಿ ವಿದೇಶಿಯರಿಗೆ ಜುಲೈನಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್, ಉಳಿದ ತಿಂಗಳು 100. ಮೊದಲ ಸಲಕ್ಕೆ ಉಗಾಂಡಾ ವಾಸಿ: ಜಿಂಜಾ ಪಟ್ಟಣ, ಬುನ್ಯೊನಿ ಸರೋವರದ ಕಡೆ ಬಸ್ಸಲ್ಲೇ ಹೋಗಬಹುದು. ಕಾಡಿನಲ್ಲಿ ಗೊರಿಲ್ಲಾ ನೋಡಲು ಬೇಕಾದ ನೂರಾರು ಡಾಲರಿನ ಪರವಾನಗಿಯ ಆಸೆ ಮಾತ್ರ ಬಿಡಿ.

ಕೆನ್ಯಾ, ರುವಾಂಡಾನೂ ಸೇರಿಸುತ್ತೀರಾ? 100 ಡಾಲರಿನ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಮೂರಕ್ಕೂ 90 ದಿನ ನಡೆಯುತ್ತದೆ. ವೀಸಾ ಕೊಟ್ಟ ದೇಶದಿಂದಲೇ ಒಳಹೋಗಬೇಕು. ನಡುವೆ ತಾಂಜಾನಿಯಾಕ್ಕೆ ಹೋದರೆ ಅದು ಮುಗಿದಂತೆ.

ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮೊದಲೇ ಆಗಿರಲಿ. ಬೆಂಗಳೂರಿನ ಅಧಿಕೃತ ಕೇಂದ್ರದಲ್ಲಿ ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಿ. ಲಸಿಕೆಯ ಕಾರ್ಡಿಲ್ಲದೆ ಭಾರತಕ್ಕೆ ಮರಳಿದರೆ 6 ದಿನದವರೆಗೆ ಕ್ವಾರಂಟೈನ್.

ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆ. ನಮ್ಮ ಬೇಸಿಗೆ ರಜೆಗೆ ಹೊರಟರೆ ಕೆಸರೇ ಗತಿ.