ಇಂಡೊನೇಷ್ಯಾದ ಹಳ್ಳಿಯಲ್ಲಿ ಮನೆ, ತೋಟ: ದುಡ್ಡು ಹಾಕುವ ಮುನ್ನ ಏನೇನು ಮಾಡಬೇಕು

ಮಧ್ಯ ಜಾವಾದ ಸುಂಬಿಂಗ್, ಸಿಂದೊರೊ ಬೆಟ್ಟಗಳ ತಪ್ಪಲಿನಲ್ಲಿ ತಂಬಾಕು, ಕಾಫಿ ಬೆಳೆಯುವ ಪುಟ್ಟ ಹಳ್ಳಿಗಳಿವೆ. ಫ್ಲೋರೆಸ್ ದ್ವೀಪದ ಬಜಾವಾ ಸುತ್ತಲೂ ಅಂಥವೇ. ಜಕಾರ್ತಾ, ಸುರಬಾಯಾಗಳಿಗೆ ಕೆಲಸಕ್ಕೆ ಹೋದ ನಮ್ಮವರು, ಅಲ್ಲಿನವರನ್ನು ಮದುವೆಯಾದವರು ಇಂಥ ಊರಲ್ಲೊಂದು ಮನೆ ಮಾಡಲು ಹೊರಟಾಗ ಮೊದಲು ಜಮೀನು ನೋಡುತ್ತಾರೆ, ಆಮೇಲೆ ವೀಸಾ ವಿಚಾರಿಸುತ್ತಾರೆ, ಗೋಡೆ ಎದ್ದ ಮೇಲೆ ನೀರು ಹುಡುಕುತ್ತಾರೆ. ಹಣ ಮುಳುಗುವುದು ಬಹುಪಾಲು ಹೀಗೆಯೇ. ನೀರು, ವಾಸದ ಪರವಾನಗಿ, ಜಮೀನಿನ ಕಾಗದ, ಕೊನೆಗೆ ಹಣ: ಇದು ಸರಿಯಾದ ಕ್ರಮ.

ಒಂದು ವರ್ಷ ಬಾಡಿಗೆಗಿರಿ

ಹಳ್ಳಿಯ ಮನೆಗಳು ಸಾಮಾನ್ಯವಾಗಿ ವರ್ಷದ ಲೆಕ್ಕಕ್ಕೆ, ಪೂರ್ತಿ ಹಣ ಮುಂಗಡ ಪಡೆದು ಬಾಡಿಗೆಗೆ ಸಿಗುತ್ತವೆ. ಇದಕ್ಕೆ ‘ಕೊಂತ್ರಾಕ್’ ಎನ್ನುತ್ತಾರೆ. ಒಂದು ವರ್ಷವಾದರೂ ಇರಬೇಕು ಎನ್ನಲು ಕಾರಣವಿದೆ. ಜಾವಾದಲ್ಲಿ ಸುಮಾರಾಗಿ ಮೇನಿಂದ ಅಕ್ಟೋಬರ್‌ವರೆಗೆ ಒಣಗಾಲ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ. ಜೂನ್‌ನಲ್ಲಿ ಜುಳುಜುಳು ಹರಿಯುವ ಒರತೆ ಅಕ್ಟೋಬರ್‌ನಲ್ಲಿ ಇರುತ್ತದೆಯೇ? ಜನವರಿ, ಫೆಬ್ರುವರಿಯಲ್ಲಿ ಗುಡ್ಡ ಜರಿದು ದಾರಿ ಮುಚ್ಚುತ್ತದೆಯೇ? ಎರಡೂ ಕಾಲ ಅಲ್ಲೇ ಕಳೆಯದೆ ಇದು ಗೊತ್ತಾಗುವುದಿಲ್ಲ. ಯೋಗ್ಯಕರ್ತಾ ಬಳಿಯ, ಸುಣ್ಣಕಲ್ಲಿನ ನೆಲದ ಗುನುಂಗ್‌ಕಿದುಲ್ ಕಡೆ ಒಣಗಾಲದಲ್ಲಿ ಟ್ಯಾಂಕರ್ ನೀರೇ ಗತಿಯಾದ ಊರುಗಳಿವೆ.

ಊರಿಗೆ ಬಂದ 24 ಗಂಟೆಯೊಳಗೆ ಪಾಸ್‌ಪೋರ್ಟ್ ಪ್ರತಿ ಹಿಡಿದು ‘ಆರ್‌ಟಿ’ ಮುಖ್ಯಸ್ಥರನ್ನು ಕಾಣಬೇಕು. ಕೆಲವು ಹತ್ತು ಮನೆಗಳಿಗೊಬ್ಬರಂತೆ ಇವರಿರುತ್ತಾರೆ. ಅವರ ಮೇಲೆ ದೂಸುನ್ (ಗ್ರಾಮದೊಳಗಿನ ಪಾಳ್ಯ) ಮುಖ್ಯಸ್ಥ, ಅದರ ಮೇಲೆ ಇಡೀ ಗ್ರಾಮದ ಕೆಪಾಲಾ ಡೇಸಾ. ಮುಂದೆ ನಿಮ್ಮ ಪ್ರತಿ ಕಾಗದಕ್ಕೂ ಈ ಮೂವರಲ್ಲಿ ಒಬ್ಬರ ಸಹಿ ಬೇಕಾಗುತ್ತದೆ. ತಿಂಗಳ ವಂತಿಗೆ ಕೊಡುವುದು, ಚರಂಡಿ ತೆಗೆಯುವ ಸಾಮೂಹಿಕ ಕೆಲಸಕ್ಕೆ ಬರುವುದು, ರಾತ್ರಿ ಗಸ್ತಿನ ಸರದಿ, ಸಾವಿನ ಮನೆಗೆ ಹೋಗುವುದು ಇವನ್ನು ತಪ್ಪಿಸಿದವರಿಗೆ ಊರಿನವರು ಎದುರಿಗೆ ಏನೂ ಅನ್ನುವುದಿಲ್ಲ. ಗಡಿ ತಕರಾರು ಬಂದ ದಿನ ಅವರ ಪರ ಯಾರೂ ಬಾಯಿ ತೆರೆಯುವುದೂ ಇಲ್ಲ.

ವೀಸಾ ವಿಷಯ ಚಿಕ್ಕದು. ಭಾರತೀಯರಿಗೆ ಸಿಗುವ ಆಗಮನ ವೀಸಾ 5 ಲಕ್ಷ ರುಪಿಯಾಕ್ಕೆ 30 ದಿನ, ಒಮ್ಮೆ ಮಾತ್ರ ಇನ್ನೂ 30 ದಿನ ವಿಸ್ತರಿಸಬಹುದು. ಊರು ನೋಡಲು ಅದು ಸಾಕು. ವರ್ಷವಿಡೀ ಇರಲು ‘ಕಿತಾಸ್’ ಎಂಬ ವಾಸದ ಪರವಾನಗಿ ಬೇಕು. ಉದ್ಯೋಗ, ಹೂಡಿಕೆ ಅಥವಾ ಇಂಡೊನೇಷ್ಯಾದ ಗಂಡ/ಹೆಂಡತಿಯ ಪ್ರಾಯೋಜನೆ ಅದರ ಮುಖ್ಯ ದಾರಿಗಳು. ಪ್ರವಾಸಿ ವೀಸಾದಲ್ಲಿದ್ದು ಹೋಮ್‌ಸ್ಟೇ ನಡೆಸಿದರೆ ಗಡೀಪಾರು. ಹನ್ನೆರಡು ತಿಂಗಳಲ್ಲಿ 183 ದಿನ ದಾಟಿದರೆ ಅಲ್ಲಿನ ತೆರಿಗೆ ನಿವಾಸಿಯಾಗುತ್ತೀರಿ.

ಸೊನ್ನೆಗಳ ಬಗ್ಗೆಯೂ ಎಚ್ಚರವಿರಲಿ. ಒಂದು ರೂಪಾಯಿಗೆ ಸುಮಾರು 180ರಿಂದ 190 ರುಪಿಯಾ. ‘ಜೂತಾ’ ಎಂದರೆ 10 ಲಕ್ಷ, ‘ಮಿಲಿಯಾರ್’ ಎಂದರೆ 100 ಕೋಟಿ. ಲಕ್ಷದಲ್ಲಿ ಎಣಿಸಿ ರೂಢಿಯಾದವರು ಚೌಕಾಸಿಯ ಭರದಲ್ಲಿ ಇಲ್ಲಿ ಹತ್ತು ಪಟ್ಟು ತಪ್ಪುವುದುಂಟು. ಅಂಕಿ ಬರೆದೇ ತೋರಿಸಿ.

ಜಮೀನಿನ ಕಾಗದ

ಇಂಡೊನೇಷ್ಯಾದ 1960ರ ಮೂಲ ಭೂ ಕಾನೂನಿನಂತೆ ಪೂರ್ಣ ಒಡೆತನ, ಅಂದರೆ ‘ಹಕ್ ಮಿಲಿಕ್’, ಜನರ ಪೈಕಿ ಅಲ್ಲಿನ ಪ್ರಜೆಗಳಿಗೆ ಮಾತ್ರ. ಇದನ್ನು ದಾಟಿಸಲು ದಲ್ಲಾಳಿಗಳು ಹೇಳಿಕೊಡುವ ಉಪಾಯ ಒಂದೇ: ಸ್ಥಳೀಯರೊಬ್ಬರ ಹೆಸರಿಗೆ ಕೊಳ್ಳಿ, ಪಕ್ಕದಲ್ಲಿ ಸಾಲಪತ್ರ, ಮುಕ್ತಿಯಾರ್‌ನಾಮೆ ಬರೆಸಿಕೊಳ್ಳಿ. ಮಾಡಲೇಬೇಡಿ. ಅದೇ ಕಾನೂನಿನ 26ನೇ ವಿಧಿ ಇಂಥ ವ್ಯವಹಾರವನ್ನು ಅಸಿಂಧು ಎನ್ನುತ್ತದೆ. ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣ ವಾಪಸ್ ಕೇಳುವ ಹಕ್ಕೂ ಇರುವುದಿಲ್ಲ. ಹೆಸರು ಕೊಟ್ಟವರು ಒಳ್ಳೆಯವರೇ ಇರಬಹುದು. ಅವರು ಸತ್ತ ಮೇಲೆ ಬರುವ ವಾರಸುದಾರರು ಯಾರೆಂದು ನಿಮಗೆ ಗೊತ್ತಿಲ್ಲ.

ಇಂಡೊನೇಷ್ಯಾದವರನ್ನು ಮದುವೆಯಾದವರಿಗೆ ಬೇರೆಯದೇ ತೊಡಕು. ಮದುವೆಯ ನಂತರದ ಆಸ್ತಿ ಜಂಟಿ ಎಂದಾಗುವುದರಿಂದ ಸಂಗಾತಿಯ ಹಕ್ ಮಿಲಿಕ್‌ಗೂ ಕುತ್ತು ಬರುತ್ತದೆ. ಆಸ್ತಿ ಬೇರ್ಪಡಿಸುವ ಒಪ್ಪಂದವಿದ್ದರೆ ಸರಿ. ಅದನ್ನು ಮದುವೆಗೆ ಮುಂಚೆಯೇ ಮಾಡಬೇಕೆಂಬ ನಿಯಮವನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2016ರಲ್ಲಿ ಸಡಿಲಿಸಿದೆ, ಮದುವೆಯಾದ ಮೇಲೂ ಮಾಡಿಕೊಳ್ಳಬಹುದು. ಸಂಗಾತಿ ತೀರಿಕೊಂಡು ಹಕ್ ಮಿಲಿಕ್ ನಿಮಗೆ ಬಂದರೆ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ಇನ್ನೊಂದು, ಕೃಷಿ ಜಮೀನಿನ ಒಡೆಯರು ಆ ಜಮೀನಿರುವ ಅಥವಾ ಅದಕ್ಕೆ ತಾಗಿದ ಕೆಚಾಮತಾನ್‌ನಲ್ಲಿ (ನಮ್ಮ ಹೋಬಳಿಯಷ್ಟರದು) ವಾಸವಿರಬೇಕೆಂದು 1961ರ ನಿಯಮವಿದೆ. ಜಕಾರ್ತಾದ ಗುರುತಿನ ಚೀಟಿ ಇರುವ ಹೆಂಡತಿಯ ಹೆಸರಿಗೆ ಮಧ್ಯ ಜಾವಾದ ವೊನೊಸೊಬೊದ ಗದ್ದೆ ಮಾಡಿಸಲು ಹೋದವರು ಇಲ್ಲೇ ನಿಲ್ಲುತ್ತಾರೆ.

ವಿದೇಶಿಗರಿಗೆ ಉಳಿಯುವುದು ಮುಖ್ಯವಾಗಿ ಎರಡು ದಾರಿ. ‘ಹಕ್ ಪಕಾಯ್’ ಎಂಬ ಬಳಕೆ ಹಕ್ಕು ಭೂ ಕಚೇರಿಯಲ್ಲಿ ದಾಖಲಾಗುವುದರಿಂದ ಗಟ್ಟಿ. ಆದರೆ ವಾಸದ ಪರವಾನಗಿ ಬೇಕು, ಪ್ರಾಂತವಾರು ಕನಿಷ್ಠ ಬೆಲೆಯ ಷರತ್ತೂ ಇದೆ. ಆದ್ದರಿಂದ ಹಳ್ಳಿಯ ಸಣ್ಣ ಮನೆಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಎರಡನೆಯದು ದೀರ್ಘಾವಧಿ ಗುತ್ತಿಗೆ. ಹೆಚ್ಚಿನವರಿಗೆ ಇದೇ ಸರಿ.

ಗುತ್ತಿಗೆಯೇ ಆದರೂ ಮೂಲ ಕಾಗದ ನೋಡಲೇಬೇಕು. ಒಡೆಯರ ಬಳಿ ಹಕ್ ಮಿಲಿಕ್ ಸರ್ಟಿಫಿಕೇಟ್ ಇರಬೇಕು. ‘ಗಿರಿಕ್’, ‘ಲೆಟರ್ ಸಿ’, ‘ಪೆತೊಕ್ ಡಿ’ ಎಂದು ಹಳೆಯ ಹಾಳೆ ತೋರಿಸಿದರೆ ಅವು ಹಿಂದೆ ಕಂದಾಯ ಕಟ್ಟಿದ್ದರ ದಾಖಲೆ, ಒಡೆತನದ್ದಲ್ಲ. ಇಂಥವನ್ನು ನೋಂದಾಯಿಸಲು 2021ರ ನಿಯಮ ಐದು ವರ್ಷ ಕೊಟ್ಟಿತ್ತು; ಆ ಅವಧಿ 2026ರ ಫೆಬ್ರುವರಿಗೆ ಮುಗಿಯಿತು. ಒಡೆಯರು ಸರ್ಟಿಫಿಕೇಟ್ ಮಾಡಿಸಿಕೊಂಡ ಮೇಲೆಯೇ ಮುಂಗಡ. ಸರ್ಟಿಫಿಕೇಟ್ ಇದ್ದರೆ ಪಿಪಿಎಟಿ, ಅಂದರೆ ಭೂ ಪತ್ರ ಅಧಿಕಾರಿಯ ಮೂಲಕ ಭೂ ಕಚೇರಿಯಲ್ಲಿ ತಾಳೆ ನೋಡಿಸಿ. ಅಡಮಾನ, ವ್ಯಾಜ್ಯ ಇದ್ದರೆ ಅಲ್ಲಿ ಬಯಲಾಗುತ್ತದೆ. ಮಾರುವವರೋ ದಲ್ಲಾಳಿಯೋ ಕರೆತಂದ ನೋಟರಿ ಬೇಡ, ನೀವೇ ಹುಡುಕಿ. ಪಿಪಿಎಟಿ ಶುಲ್ಕ ವ್ಯವಹಾರದ ಮೊತ್ತದ ಶೇ 1 ಮೀರುವಂತಿಲ್ಲ.

ಆಮೇಲೆ ಜಿಲ್ಲೆಯ ಯೋಜನಾ ಕಚೇರಿಯಲ್ಲಿ ಆ ಸರ್ವೆ ಭಾಗದ ವಲಯ ಕೇಳಿ. ಸಂರಕ್ಷಿತ ಭತ್ತದ ಗದ್ದೆ ಎಂದು ಗುರುತಾಗಿದ್ದರೆ ಮನೆಗೆ ಅನುಮತಿ ಸಿಗುವುದಿಲ್ಲ. ಗದ್ದೆ ಅಗ್ಗಕ್ಕೆ ಬಂದಿದ್ದರೆ ಮೊದಲ ಅನುಮಾನ ಇದೇ ಇರಲಿ. ಕಡಲತೀರದಲ್ಲಿ ಉಬ್ಬರದ ಗರಿಷ್ಠ ರೇಖೆಯಿಂದ ಸಾಮಾನ್ಯವಾಗಿ 100 ಮೀಟರ್ ಬಿಡಬೇಕು. ಗ್ರಾಮದ ಖಜಾನೆ ಜಮೀನು, ಅಂದರೆ ಗ್ರಾಮಾಡಳಿತಕ್ಕೇ ಸೇರಿದ ನೆಲ, ಇನ್ನೊಂದು ಬಲೆ. ಯೋಗ್ಯಕರ್ತಾದಲ್ಲಿ ಅಂಥ ಜಮೀನಿನ ಮೇಲೆ ಮನೆ ಕಟ್ಟಿ ದೀರ್ಘ ಗುತ್ತಿಗೆಗೆ ಮಾರಿದ ಪ್ರಕರಣ 2023ರಲ್ಲಿ ಕ್ರಿಮಿನಲ್ ಮೊಕದ್ದಮೆಯಾಯಿತು.

ಜಾವಾ ಬಿಟ್ಟು ಹೊರಗೆ ಹೋದಂತೆ ಕುಲದ ಜಮೀನು ಎದುರಾಗುತ್ತದೆ. ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವ್ ಜನರಲ್ಲಿ ಪಿತ್ರಾರ್ಜಿತ ಎನ್ನುವುದೇ ತಾಯಿಯ ಕಡೆಯಿಂದ ಬರುತ್ತದೆ, ಸೋದರಮಾವ ನೋಡಿಕೊಳ್ಳುತ್ತಾನೆ. ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಇದು ಥಟ್ಟನೆ ಅರ್ಥವಾದೀತು. ಅಲ್ಲಿ ಮನೆಯ ಗಂಡಸೊಬ್ಬನ ಸಹಿಯಷ್ಟೇ ಸಾಲದು. ಫ್ಲೋರೆಸ್, ಸುಂಬಾಗಳಲ್ಲೂ ಕುಲದ ಹಿರಿಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯದೆ ಮುಂದೆ ಹೋಗಬಾರದು.

ಗುತ್ತಿಗೆ ಪತ್ರದಲ್ಲಿ ಇರಲೇಬೇಕಾದ್ದು

ನೋಟರಿ ಮುಂದೆ, ಇಂಡೊನೇಷ್ಯನ್ ಭಾಷೆಯಲ್ಲಿ ಪತ್ರವಾಗಬೇಕು. ಒಡೆಯರ ಜೊತೆ ಅವರ ಗಂಡ/ಹೆಂಡತಿಯ ಸಹಿ, ಪಿತ್ರಾರ್ಜಿತವಾದರೆ ಎಲ್ಲ ವಾರಸುದಾರರ ಸಹಿ. ಮನೆ ಕಟ್ಟುವ, ಬೇರೆಯವರಿಗೆ ಗುತ್ತಿಗೆ ದಾಟಿಸುವ ಹಕ್ಕು ಸ್ಪಷ್ಟವಾಗಿ ಬರೆದಿರಲಿ. ದಾರಿಯ ಅಗಲ ಮೀಟರ್‌ನಲ್ಲಿ, ನಕ್ಷೆಯೊಂದಿಗೆ. ಗುತ್ತಿಗೆ ಮುಗಿದಾಗ ಕಟ್ಟಡ ಯಾರದು ಎಂಬುದೂ ಇರಲಿ.

ಹೆಚ್ಚು ಜನ ಎಡವುವುದು ವಿಸ್ತರಣೆಯಲ್ಲಿ. 25 ವರ್ಷದ ಪತ್ರದಲ್ಲಿ ‘ಆಗಿನ ಮಾರುಕಟ್ಟೆ ದರಕ್ಕೆ ವಿಸ್ತರಿಸಬಹುದು’ ಎಂದಷ್ಟೇ ಇದ್ದರೆ ಏನೂ ಬರೆದಿಲ್ಲವೆಂದೇ ಲೆಕ್ಕ. ಇಂತಿಷ್ಟು ಗ್ರಾಂ ಚಿನ್ನದ ಬೆಲೆ ಎಂದೋ, ಈಗಿನ ದರಕ್ಕೆ ವರ್ಷಕ್ಕಿಷ್ಟು ಸೇರಿಸಿ ಎಂದೋ ಸೂತ್ರ ಬರೆಸಿ. ಒಡೆಯರು ಜಮೀನು ಮಾರಿದರೂ ಗುತ್ತಿಗೆ ಮುರಿಯುವುದಿಲ್ಲ ಎನ್ನುತ್ತದೆ ಅಲ್ಲಿನ ಸಿವಿಲ್ ಸಂಹಿತೆಯ 1576ನೇ ವಿಧಿ. ಆದರೂ ಪತ್ರದಲ್ಲಿ ಮತ್ತೊಮ್ಮೆ ಹಾಕಿಸುವುದು ಒಳಿತು. ಗುತ್ತಿಗೆ ಹಣಕ್ಕೆ ಒಡೆಯರು ಶೇ 10 ತೆರಿಗೆ ಕಟ್ಟಬೇಕು; ‘ಕೈಗೆ ಇಷ್ಟು’ ಎಂದು ಮಾತಾಡಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ.

ನೀರು, ಕರೆಂಟು, ಗೋಡೆ

ನೀರನ್ನು ಸೆಪ್ಟೆಂಬರ್ ಕೊನೆಯಲ್ಲಿ ಅಳೆಯಿರಿ. 20 ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬಿದರೆ ಗಂಟೆಗೆ 1,200 ಲೀಟರ್. ನಾಲ್ವರ ಮನೆಗೆ ದಿನಕ್ಕೆ 500 ಲೀಟರ್ ಹಿಡಿಯಿರಿ, ತೋಟದ್ದು ಬೇರೆ. ಬೆಟ್ಟದೂರುಗಳಲ್ಲಿ ಒರತೆಯ ನೀರು ಪೈಪಿನಲ್ಲಿ ಬರುತ್ತದೆ, ಹೊಸ ಮನೆಗೆ ಸಂಪರ್ಕ ಕೊಡುವುದು ಊರ ಸಭೆ. ಬಾವಿ ತೋಡಿಸುವುದಾದರೆ ಶೌಚದ ಗುಂಡಿಯಿಂದ, ನೆರೆಯವರದ್ದೂ ಸೇರಿ, ಕನಿಷ್ಠ 10 ಮೀಟರ್ ದೂರ.

ಕರೆಂಟಿಗೆ 2,200 ವಿಎ ಸಂಪರ್ಕ ಕೇಳಿ. 900 ವಿಎ ಮನೆಯಲ್ಲಿ ನೀರಿನ ಪಂಪು, ರೈಸ್ ಕುಕ್ಕರ್ ಒಟ್ಟಿಗೆ ಹಾಕಿದರೆ ಎಂಸಿಬಿ ಬೀಳುತ್ತದೆ. ಮೊದಲೇ ಹಣ ಕಟ್ಟುವ (ಪ್ರೀಪೇಯ್ಡ್) ಮೀಟರಿಗೆ 20 ಅಂಕಿಯ ಟೋಕನ್ ಸಂಖ್ಯೆ ಒತ್ತಬೇಕು. ಹಸಿರು ಬಣ್ಣದ 3 ಕಿಲೋ ಗ್ಯಾಸ್ ಸಿಲಿಂಡರ್ ಬಡವರಿಗೆಂದು ಸಬ್ಸಿಡಿಯಲ್ಲಿ ಕೊಡುವುದು, ಅದನ್ನು ಮುಟ್ಟಬೇಡಿ, 5.5 ಅಥವಾ 12 ಕಿಲೋದ್ದು ಕೊಳ್ಳಿ.

ಕಟ್ಟುವ ಮೊದಲು ‘ಪಿಬಿಜಿ’ ಎಂಬ ಕಟ್ಟಡ ಅನುಮತಿ ಬೇಕು. ಗೋಡೆಯಲ್ಲಿ ಮಾತ್ರ ಜಿಪುಣತನ ಬೇಡವೇ ಬೇಡ. 2006ರ ಯೋಗ್ಯಕರ್ತಾ, 2018ರ ಲೊಂಬೊಕ್, 2022ರ ಚಿಯಾಂಜುರ್ ಭೂಕಂಪಗಳಲ್ಲಿ ಕಂಬ, ತೊಲೆಗಳ ಕಟ್ಟಿಲ್ಲದ ಇಟ್ಟಿಗೆ ಮನೆಗಳೇ ರಾಶಿರಾಶಿ ಬಿದ್ದವು. ಒಂದಂತಸ್ತಿನ ಮನೆಗೆ ಅಲ್ಲಿನ ಸರ್ಕಾರಿ ಮಾರ್ಗಸೂಚಿ ಹೇಳುವುದಿಷ್ಟು: ಕಾಂಕ್ರೀಟು 1 ಸಿಮೆಂಟು, 2 ಮರಳು, 3 ಜಲ್ಲಿ. ಕಂಬ 15x15 ಸೆಂ.ಮೀ., ಅದರಲ್ಲಿ 10 ಮಿ.ಮೀ.ನ ನಾಲ್ಕು ಸರಳು. 8 ಮಿ.ಮೀ. ರಿಂಗು ಪ್ರತಿ 15 ಸೆಂ.ಮೀ.ಗೆ, ಅದರ ತುದಿ 135 ಡಿಗ್ರಿಗೆ ಒಳಕ್ಕೆ ಬಗ್ಗಿರಬೇಕು. ಕಂಬಗಳ ನಡುವಿನ ಗೋಡೆ 9 ಚದರ ಮೀಟರ್ ಮೀರಬಾರದು. ಊರಿನ ಮೇಸ್ತ್ರಿ ರಿಂಗಿನ ಅಂತರವನ್ನು 20-25ಕ್ಕೆ ಎಳೆಯುತ್ತಾನೆ, ತುದಿಯನ್ನು 90 ಡಿಗ್ರಿಗೆ ಬಿಡುತ್ತಾನೆ. ನೆಲ ಅಲುಗಿದಾಗ ಆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ಕಂಬ ಒಡೆಯುತ್ತದೆ. ಕಾಂಕ್ರೀಟು ಹಾಕುವ ಮುಂಚಿನ ದಿನ ಟೇಪು ಹಿಡಿದು ನಿಂತು ಅಳೆಯಿರಿ. ಜ್ವಾಲಾಮುಖಿಯ ತಪ್ಪಲಾದರೆ ಅಪಾಯ ವಲಯದ ನಕ್ಷೆಯಲ್ಲಿ ಲಾವಾ, ಕೆಸರು ಹರಿಯುವ ಕಣಿವೆ ನಿಮ್ಮ ಜಾಗಕ್ಕೆ ಎಷ್ಟು ಹತ್ತಿರ ನೋಡಿ.

ಆದಾಯ

ವಿದೇಶಿ ಹೂಡಿಕೆಯ ಕಂಪನಿ ಮಾಡುವುದಾದರೆ ಜಮೀನು, ಕಟ್ಟಡ ಬಿಟ್ಟು 1,000 ಕೋಟಿ ರುಪಿಯಾ ಮೀರಿದ ಹೂಡಿಕೆ ಯೋಜನೆ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಐದು ಕೋಟಿ ರೂಪಾಯಿಗೂ ಮೇಲೆ. ಪುಟ್ಟ ಹಳ್ಳಿಯ ಹೋಮ್‌ಸ್ಟೇಗೆ ಅದು ಹೊಂದುವ ಮಾತಲ್ಲ. ಸಣ್ಣ ವ್ಯಾಪಾರ ಸ್ಥಳೀಯರಿಗೇ ಮೀಸಲು. ಹಾಗಾಗಿ ಸಂಗಾತಿಯ ಹೆಸರಲ್ಲಿ ನಡೆಯುವ ಕೃಷಿ, ಪಾಲಿನ ವ್ಯವಹಾರ ಇವೇ ನಿಜವಾಗಿ ಸಾಧ್ಯವಾಗುವವು. ಅಲ್ಲಿನವರನ್ನು ಮದುವೆಯಾಗಿ ಸಂಗಾತಿಯ ಪ್ರಾಯೋಜನೆಯ ವಾಸದ ಪರವಾನಗಿಯಲ್ಲಿರುವವರು ಜೀವನೋಪಾಯಕ್ಕೆ ದುಡಿಯಬಹುದೆಂದು 2011ರ ವಲಸೆ ಕಾನೂನು ಹೇಳುತ್ತದೆ.

ಜಾವಾದಲ್ಲಿ ಗದ್ದೆಯನ್ನು ಅರ್ಧ ಪಾಲಿಗೆ ಕೊಡುವುದು ‘ಮಾರೊ’. 1960ರ ಪಾಲು ಕಾನೂನಿನಂತೆ ಒಪ್ಪಂದ ಬರಹದಲ್ಲಿ, ಗ್ರಾಮ ಮುಖ್ಯಸ್ಥರ ಮುಂದೆ ಆಗಬೇಕು; ಗದ್ದೆಗೆ ಕನಿಷ್ಠ 3 ವರ್ಷ, ಒಣಭೂಮಿಗೆ 5 ವರ್ಷ. ಬೀಜ, ಗೊಬ್ಬರದ ಖರ್ಚು ಪಾಲಿಗೆ ಮುಂಚೆ ಕಳೆಯುವುದೋ ನಂತರವೋ ಎಂಬಲ್ಲೇ ಜಗಳ ಹುಟ್ಟುವುದು, ಅದನ್ನು ಬರೆದಿಡಿ.

ಸಣ್ಣ ಮೊತ್ತಕ್ಕೆ ಆಡು ಪಾಲಿಗೆ ಬಿಡುವ ‘ಗಾದುಹ್’ ಒಳ್ಳೆಯದು. ಹೆಣ್ಣಾಡು ನಿಮ್ಮದು, ಮೇವು ಮತ್ತು ಕೊಟ್ಟಿಗೆ ಸಾಕುವವರದು, ಮರಿ ಅರ್ಧರ್ಧ. ಅಲ್ಲಿ ಮೆಚ್ಚುಗೆಯ ‘ಎತಾವಾ’ ತಳಿಯ ಮೂಲ ನಮ್ಮ ಉತ್ತರ ಪ್ರದೇಶದ ಜಮುನಾಪಾರಿ. ಹೋತಮರಿಗಳನ್ನು ಬಕ್ರೀದ್‌ಗೆ ಮುಂಚೆ ಮಾರಿದರೆ ಬೆಲೆ ಹೆಚ್ಚು. 2022ರಿಂದ ಕಾಲುಬಾಯಿ ಜ್ವರ ಮತ್ತೆ ಕಾಣಿಸಿಕೊಂಡಿರುವುದರಿಂದ ಲಸಿಕೆ ಯಾರ ಖರ್ಚು, ಆಡು ಸತ್ತರೆ ನಷ್ಟ ಯಾರದು ಎಂಬುದೂ ಪತ್ರದಲ್ಲಿರಲಿ.

ಕಾಫಿಯಲ್ಲಿ 2.5 ಮೀಟರ್ ಅಂತರಕ್ಕೆ ಹೆಕ್ಟೇರಿಗೆ 1,600 ಗಿಡ, ಮೊದಲ ಫಸಲು ಮೂರನೇ ವರ್ಷಕ್ಕೆ; ಚಿಕ್ಕಮಗಳೂರು, ಕೊಡಗಿನವರಿಗೆ ಇದು ಹೊಸತಲ್ಲ. ಐದು ವರ್ಷದ ಗುತ್ತಿಗೆ ಜಮೀನಿನಲ್ಲಿ ಕಾಫಿ ನೆಟ್ಟರೆ ಗಿಡ ಬಲಿತಾಗ ಲಾಭ ಒಡೆಯರಿಗೆ.

ಭಾರತದಿಂದ ಹಣ ಕಳಿಸುವವರಿಗೆ

ಭಾರತದ ನಿವಾಸಿಯೊಬ್ಬರು ಹಣಕಾಸು ವರ್ಷವೊಂದಕ್ಕೆ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ) ಅಡಿ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಐದು ವರ್ಷ ಮೀರಿದ ಗುತ್ತಿಗೆಗೆ 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಸ್ಥಿರಾಸ್ತಿ ಷರತ್ತುಗಳು ಅನ್ವಯಿಸುತ್ತವೆ. ಹೂಡಿಕೆಗೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದರೆ ಮೇಲಿನದಕ್ಕೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಾಗುವ ತೆರಿಗೆ, ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಆದರೆ ಅಷ್ಟು ತಿಂಗಳು ಆ ಹಣ ಕೈಯಲ್ಲಿರುವುದಿಲ್ಲ. ಅಲ್ಲಿನ ಬ್ಯಾಂಕ್ ಖಾತೆ, ಆಸ್ತಿ ಎಲ್ಲವನ್ನೂ ಐಟಿ ರಿಟರ್ನ್ಸ್‌ನ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿಗಳ ಪಟ್ಟಿ) ಯಲ್ಲಿ ತೋರಿಸಬೇಕು. ಅದರ ಲೆಕ್ಕ ಹಣಕಾಸು ವರ್ಷದ್ದಲ್ಲ, ಜನವರಿಯಿಂದ ಡಿಸೆಂಬರ್‌ನದ್ದು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.